ಹಳೇ ಸ್ಟೇಷನ್ ವ್ಯಾಗನ್ ತಗೊಳ್ಳೋದಾ, ಬಿಡೋದಾ? ಮಲೆನಾಡಿನವರಿಗೆ ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆ ಅಡಿಕೆ ಮನೆಗಳ ಹಿಂದೆ, ಕೊಟ್ಟಿಗೆ ಪಕ್ಕದ ಶೆಡ್ಡುಗಳಲ್ಲಿ ಇನ್ನೂ ಕೆಲವು ಹಳೇ ವ್ಯಾಗನ್‌ಗಳು ನಿಂತಿವೆ. ವ್ಯಾಗನ್ ಅಥವಾ ಎಸ್ಟೇಟ್ ಎಂದರೆ ಮಾಡು ಹಿಂದಿನವರೆಗೂ ಚಾಚಿ, ಸಾಮಾನಿಗೆ ಹಿಂಬಾಗಿಲು ಇರುವ ಕಾರು. ಅವನ್ನು ಕೊಂಡು ಮೊದಲಿನ ಹಾಗೆ ಮಾಡಬೇಕು ಎಂದು ಹೊರಟವರಲ್ಲಿ ಬಹಳಷ್ಟು ಜನ ಒಂದೇ ಕಡೆ ಸೋಲುತ್ತಾರೆ. ಎಂಜಿನ್ ಸ್ಟಾರ್ಟ್ ಆಯಿತು ಎಂಬ ಖುಷಿಯಲ್ಲಿ ದುಡ್ಡು ಕೊಟ್ಟುಬಿಡುತ್ತಾರೆ. ಆಮೇಲೆ ಹಿಂಬಾಗಿಲ ಗಾಜು ಸಿಗುವುದಿಲ್ಲ. ಆರ್‌ಸಿ, ಅಂದರೆ ನೋಂದಣಿ ಪತ್ರ, ಹೆಸರಿಗೆ ಆಗುವುದಿಲ್ಲ. ಅಷ್ಟರಲ್ಲಿ ಜೂನ್ ಬರುತ್ತದೆ. ಬಿಚ್ಚಿದ ಗಾಡಿ ಬಿಚ್ಚಿದ ಹಾಗೇ ಉಳಿಯುತ್ತದೆ.

ನನ್ನ ಮೊದಲ ವ್ಯಾಗನ್ ಹೋದದ್ದೂ ಹೀಗೆಯೇ. ಎರಡು ಮಳೆಗಾಲ ಕಳೆದ ಮೇಲೆ ಅದನ್ನು ಗುಜರಿಗೆ ಕೊಡಬೇಕಾಯಿತು. ಆ ದಿನದ ಸಂಕಟ ಇನ್ನೂ ಇದೆ. ನಾನು ಕೊಳ್ಳದೇ ಇದ್ದಿದ್ದರೆ ತಿಳಿದವರು ಯಾರಾದರೂ ಅದನ್ನು ಉಳಿಸುತ್ತಿದ್ದರು.

ಹಾಗಾಗಿ ಇಲ್ಲಿ ಹೇಳುವುದು ಕೊಳ್ಳುವ ಮೊದಲಿನ ಕೆಲಸ ಮಾತ್ರ. ಕ್ರಮ ಹೀಗಿರಲಿ: ಮೊದಲು ಕಾಗದ, ಆಮೇಲೆ ಗಾಡಿಯ ಹಿಂಭಾಗ, ಆಮೇಲೆ ತುಕ್ಕು, ಕೊನೆಗೆ ಎಂಜಿನ್. ಎಲ್ಲರೂ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

## ಚೀಲದಲ್ಲಿ ಏನೇನು ಇರಬೇಕು

ದೊಡ್ಡ ಸಾಮಾನು ಬೇಡ. ಒಳ್ಳೆ ಟಾರ್ಚ್. ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತ. ಹಳೇ ಸ್ಕ್ರೂಡ್ರೈವರ್. ಮರದ ಹಿಡಿಯ ಸಣ್ಣ ಸುತ್ತಿಗೆ. ಒಂದು ಅಡಿಯ ಸ್ಟೀಲ್ ಸ್ಕೇಲು. ಅಳತೆ ಟೇಪು. ಬಿಳಿ ಹಾಳೆ, ಪೆನ್ಸಿಲ್. ಸ್ಪಾರ್ಕ್ ಪ್ಲಗ್ ಸ್ಪ್ಯಾನರ್. ಒಂದು ಟ್ರಾಲಿ ಜಾಕ್, ಎರಡು ಜಾಕ್ ಸ್ಟ್ಯಾಂಡ್, ಎರಡು ದಪ್ಪ ಹಲಗೆ. ರಬ್ಬರ್ ಗ್ಲೌಸ್, ಮಾಸ್ಕ್, ತುಂಬು ತೋಳಿನ ಅಂಗಿ.

ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಗಾಡಿ ಮೇಲೆ ನಿಮ್ಮಷ್ಟು ಆಸೆ ಇಲ್ಲದವರಾದರೆ ಒಳ್ಳೆಯದು. ಟಿಂಕರಿಂಗ್ (ತಗಡು ಬಡಿದು ಬೆಸೆಯುವ ಕೆಲಸ) ಗೊತ್ತಿರುವವರಾದರೆ ಇನ್ನೂ ಒಳ್ಳೆಯದು.

## ಹಂತ 1: ಗಾಡಿ ಯಾವುದು ಎಂದು ಸರಿಯಾಗಿ ಗುರುತಿಸಿ

ಈ ಗಾಡಿಗಳಲ್ಲಿ ಹೊಸತು ಎನ್ನಬಹುದಾದದ್ದು 1992ರಲ್ಲಿ ಬಂದ ಟಾಟಾ ಎಸ್ಟೇಟ್. ಅದಕ್ಕೂ ಹಿಂದಿನವು ಪ್ರೀಮಿಯರ್ ಪದ್ಮಿನಿಯ ವ್ಯಾಗನ್ ಮತ್ತು ಅಂಬಾಸಿಡರ್ ಎಸ್ಟೇಟ್. ತೀರಾ ಅಪರೂಪಕ್ಕೆ ಮರದ ಚೌಕಟ್ಟಿನ ಮೋರಿಸ್ ಮೈನರ್ ಟ್ರಾವೆಲರ್ ಕೂಡ ಕಣ್ಣಿಗೆ ಬೀಳಬಹುದು.

ಇವುಗಳ ಮುಂಭಾಗ, ಎಂಜಿನ್, ಗೇರ್ ಬಾಕ್ಸ್, ಬ್ರೇಕ್ ಬೇರೆ ಗಾಡಿಗಳ ಜೊತೆ ಹಂಚಿಕೊಂಡಂಥವು. ಟಾಟಾ ಎಸ್ಟೇಟ್‌ನ 1948 ಸಿಸಿ ಡೀಸೆಲ್ ಎಂಜಿನ್ ಸಿಯೆರಾದಲ್ಲೂ ಇತ್ತು, ಟಾಟಾಮೊಬೈಲ್ ಪಿಕಪ್‌ನಲ್ಲೂ ಇತ್ತು. ಪದ್ಮಿನಿ ವ್ಯಾಗನ್‌ಗೆ ಮಾಮೂಲಿ ಪದ್ಮಿನಿಯ 1089 ಸಿಸಿ ಎಂಜಿನ್. ಈ ಸಾಮಾನುಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಸಿಗುತ್ತವೆ. ಸಿಗದೇ ಇರುವುದು ಮುಂದಿನ ಬಾಗಿಲಿನಿಂದ ಹಿಂದಕ್ಕೆ ಇರುವ ಭಾಗ. ಅದು ವ್ಯಾಗನ್‌ಗೆ ಮಾತ್ರ ಸೇರಿದ್ದು. ಈ ಒಂದು ಮಾತು ಕೊನೆವರೆಗೂ ತಲೆಯಲ್ಲಿರಲಿ.

ಇನ್ನೊಂದು ವ್ಯತ್ಯಾಸ ಕೂಡ ಮುಖ್ಯ. ಟಾಟಾ ಎಸ್ಟೇಟ್‌ಗೆ ಬೇರೆ ಚಾಸಿ (ಭಾರ ಹೊರುವ ಕಬ್ಬಿಣದ ಚೌಕಟ್ಟು) ಇದೆ, ಅದರ ಮೇಲೆ ಬಾಡಿ ಕೂತಿದೆ. ಪದ್ಮಿನಿ, ಅಂಬಾಸಿಡರ್‌ಗಳಲ್ಲಿ ಬಾಡಿಯೇ ಚಾಸಿ. ಅಲ್ಲಿ ತಳದ ತಗಡು ತುಕ್ಕು ಹಿಡಿದರೆ ಗಾಡಿಯ ಬೆನ್ನುಮೂಳೆಯೇ ಹೋದ ಹಾಗೆ. ಟ್ರಾವೆಲರ್‌ನಲ್ಲಿ ಹಿಂದೆ ಕಾಣುವ ಮರ ಅಲಂಕಾರಕ್ಕೆ ಇಟ್ಟದ್ದಲ್ಲ, ಭಾರ ಹೊರುವುದೇ ಅದು. ನಮ್ಮ ಥಂಡಿಗೆ, ಗೆದ್ದಲಿಗೆ ಆ ಮರ ಸಿಕ್ಕಿದ್ದರೆ ಒಳ್ಳೆ ಬಡಗಿಯ ಕೈಯಲ್ಲಿ ತಿಂಗಳುಗಟ್ಟಲೆ ಕೆಲಸ.

ಎಚ್ಚರಿಕೆ: ಮಾಮೂಲಿ ಕಾರನ್ನೋ ಪಿಕಪ್ಪನ್ನೋ ಕತ್ತರಿಸಿ ವ್ಯಾಗನ್ ಮಾಡಿಸಿದ ಗಾಡಿಗಳೂ ಇರುತ್ತವೆ. ಆರ್‌ಸಿಯಲ್ಲಿ ಬಾಡಿ ಯಾವ ಬಗೆ ಎಂದು ಬರೆದಿದೆ, ನೋಡಿ. ಕಣ್ಣೆದುರು ಇರುವುದು ವ್ಯಾಗನ್, ಆರ್‌ಸಿಯಲ್ಲಿ ಸಲೂನ್ (ಮಾಮೂಲಿ ಡಿಕ್ಕಿಯ ಕಾರು) ಎಂದಿದ್ದರೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸುವ ದಿನ ತೊಂದರೆ ಗ್ಯಾರಂಟಿ.

## ಹಂತ 2: ಗಾಡಿ ನೋಡುವ ಮೊದಲೇ ಕಾಗದ ನೋಡಿ

ಫೋನಿನಲ್ಲೇ ಆರ್‌ಸಿಯ ಎರಡೂ ಬದಿಯ ಫೋಟೋ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ನಿಲ್ಲಿಸಿ. ಸುಮ್ನೆ ಅಷ್ಟು ದೂರ ಹೋಗಿ, ಗಾಡಿ ನೋಡಿ ಮನಸ್ಸು ಕರಗಿ, ಆಮೇಲೆ ಕಾಗದ ಕೇಳುವುದು ತಪ್ಪು ಕ್ರಮ.

ಹೆಸರು ಯಾರದ್ದು? ನಮ್ಮ ಕಡೆ ಗಾಡಿ ಅಜ್ಜನ ಹೆಸರಲ್ಲಿರುತ್ತದೆ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷ ಆಗಿರುತ್ತದೆ. ಮಾರುತ್ತಿರುವುದು ಮೊಮ್ಮಗ. ಆಗ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು. ಮರಣ ಪ್ರಮಾಣಪತ್ರ ಬೇಕು, ಉಳಿದ ವಾರಸುದಾರರ ಒಪ್ಪಿಗೆ ಬೇಕು. ಆಮೇಲೆ ಫಾರಂ 29, 30ರಲ್ಲಿ ನಿಮ್ಮ ಹೆಸರಿಗೆ. ಒಬ್ಬರು ಅಮೆರಿಕದಲ್ಲಿ, ಒಬ್ಬರಿಗೆ ಜಮೀನಿನ ಪಾಲಿನ ಬೇಸರ ಎಂದಾದರೆ ಗಾಡಿ ಎಷ್ಟು ಚೆನ್ನಾಗಿದ್ದರೂ ನಿಮ್ಮದಾಗುವುದಿಲ್ಲ. ಮೊದಲ ವರ್ಗಾವಣೆ ಅವರೇ ಮಾಡಿಸಿ ಕೊಡಲಿ. ಅದು ಆಗುವವರೆಗೆ ಅಡ್ವಾನ್ಸ್ ಬೇಡ.

ಆನ್‌ಲೈನ್ ದಾಖಲೆ ಇದೆಯಾ? ಸರ್ಕಾರದ ಸಾರಿಗೆ ಜಾಲತಾಣ ಪರಿವಾಹನ್‌ನಲ್ಲಿ ನಂಬರ್ ಹಾಕಿ ನೋಡಿ. ಆರ್‌ಸಿ ಯಾವತ್ತಿನವರೆಗೆ ಇದೆ, ಸಾಲ ಬಾಕಿ ಇದೆಯಾ, ಬ್ಲ್ಯಾಕ್‌ಲಿಸ್ಟ್ ಆಗಿದೆಯಾ ಎಂಬುದೆಲ್ಲ ಅಲ್ಲಿ ಗೊತ್ತಾಗುತ್ತದೆ. ಕೆಎ ಬರುವ ಮೊದಲಿನ ಹಳೇ ನಂಬರಿನ ಗಾಡಿಗಳ ದಾಖಲೆ ಎಷ್ಟೋ ಸಲ ಹಳೇ ರಿಜಿಸ್ಟರ್ ಪುಸ್ತಕದಲ್ಲಷ್ಟೇ ಇರುತ್ತದೆ. ಆಗ ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಗೆ ನೀವೇ ಹೋಗಿ, ಪುಸ್ತಕದಲ್ಲಿ ಆ ಪುಟ ಇದೆಯಾ ಎಂದು ಕೇಳಬೇಕು. ಶಿವಮೊಗ್ಗ ಕೆಎ 14, ಸಾಗರ ಕೆಎ 15, ಚಿಕ್ಕಮಗಳೂರು ಕೆಎ 18.

ನವೀಕರಣ ಎಷ್ಟು ವರ್ಷದಿಂದ ಬಾಕಿ? ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಫಾರಂ 25 ಹಾಕಿ, ಎಫ್‌ಸಿ ಮಾಡಿಸಿ ನವೀಕರಿಸಬೇಕು. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2025ರ ಆಗಸ್ಟ್‌ನಿಂದ ₹10,000 ಆಗಿದೆ. ವಿದೇಶದಿಂದ ತಂದ ಕಾರಾದರೆ ₹80,000. ತಡವಾದ ಪ್ರತಿ ತಿಂಗಳಿಗೆ ₹500 ಬೇರೆ. ಹತ್ತು ವರ್ಷ ಸುಮ್ನೆ ನಿಂತ ಗಾಡಿ ಎಂದರೆ ತಿಂಗಳ ಲೆಕ್ಕ ಹಾಕಿ ನೋಡಿ. ಇದರ ಮೇಲೆ ಹಸಿರು ತೆರಿಗೆ, ಮೂರನೇ ವ್ಯಕ್ತಿ ವಿಮೆ, ಹೊಸ ನಂಬರ್ ಪ್ಲೇಟ್. ಈ ಮೊತ್ತವನ್ನು ಬರೆದಿಟ್ಟುಕೊಳ್ಳಿ, ಹಂತ 8ಕ್ಕೆ ಬೇಕು.

50 ವರ್ಷ ದಾಟಿದೆಯಾ? ಮೊದಲ ನೋಂದಣಿಯಿಂದ 50 ವರ್ಷ ಆಗಿದ್ದು, ಬಾಡಿ, ಚಾಸಿ, ಎಂಜಿನ್ ದೊಡ್ಡ ಬದಲಾವಣೆ ಇಲ್ಲದೆ ಉಳಿದಿದ್ದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು. ಶುಲ್ಕ ₹20,000, ಅವಧಿ 10 ವರ್ಷ. ಆದರೆ ವಿಂಟೇಜ್ ಆದ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಇಂಧನ, ದುರಸ್ತಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಮನೆಯವರನ್ನೆಲ್ಲ ಕೂರಿಸಿಕೊಂಡು ಶೃಂಗೇರಿಗೆ ಹೋಗಬೇಕು ಎಂಬುದು ನಿಮ್ಮ ಆಸೆಯಾದರೆ ಮಾಮೂಲಿ ನವೀಕರಣದ ದಾರಿಯೇ ಸರಿ.

ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಂದ ಫಾರಂ 28ರಲ್ಲಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಮೊದಲ ಸಲದವರು ಇದಕ್ಕೆ ಕೈ ಹಾಕದೇ ಇರುವುದು ಒಳ್ಳೆಯದು.

ಕಾಗದವೇ ಇಲ್ಲದ ಗಾಡಿಯನ್ನು ಸಾಮಾನಿಗಾಗಿ ಮಾತ್ರ, ಗುಜರಿ ಬೆಲೆಗೆ ಕೊಳ್ಳಬಹುದು. ಅಷ್ಟೇ.

## ಹಂತ 3: ಗಾಡಿ ನಿಂತ ಜಾಗ ನೋಡಿ

ಗಾಡಿ ಹತ್ತಿರ ಹೋದ ಕೂಡಲೇ ಬಾನೆಟ್ ಎತ್ತಬೇಡಿ. ಐದು ನಿಮಿಷ ದೂರ ನಿಂತು ನೋಡಿ.

ಅದು ನಿಂತಿರುವುದು ಸಿಮೆಂಟ್ ನೆಲದ ಮೇಲಾ, ಮಣ್ಣಿನ ಮೇಲಾ? ಮಣ್ಣಾದರೆ ತಳ ಹೋಗಿದೆ ಎಂದೇ ಹೊರಡಿ. ಪಕ್ಕದಲ್ಲಿ ಕೊಟ್ಟಿಗೆ ಇದೆಯಾ? ಗಂಜಲದ ಹವೆಗೆ ವೈರಿಂಗಿನ ತಾಮ್ರ, ಹಿತ್ತಾಳೆ ಬಿಡಿಭಾಗ ಹಸಿರಾಗಿರುತ್ತವೆ. ನೀಲಿ ಟಾರ್ಪಾಲು ಬಿಗಿಯಾಗಿ ಹೊದೆಸಿದ್ದಾರಾ? ಮಳೆಗೆ ನೆನೆಯಬಾರದು ಎಂದು ಕಾಳಜಿಯಿಂದಲೇ ಹೊದೆಸಿರುತ್ತಾರೆ. ಆದರೆ ನೆಲದ ಪಸೆ ಒಳಗೇ ಸಿಕ್ಕಿಕೊಂಡು ತಗಡನ್ನು ತಿನ್ನುತ್ತದೆ. ಗಾಳಿಯಾಡುವ ಹೆಂಚಿನ ಮಾಡಿನ ಕೆಳಗೆ ಧೂಳು ಹಿಡಿದು ನಿಂತ ಗಾಡಿ, ಟಾರ್ಪಾಲಿನ ಒಳಗೆ ಹೊಳೆಯುವ ಗಾಡಿಗಿಂತ ಎಷ್ಟೋ ಮೇಲು.

ಊರು ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಘಟ್ಟದ ಅಂಚಿನಲ್ಲಿ ಹತ್ತು ವರ್ಷ ನಿಂತ ಗಾಡಿಯೂ ಭದ್ರಾವತಿ ಪೇಟೆಯಲ್ಲಿ ಹತ್ತು ವರ್ಷ ನಿಂತ ಗಾಡಿಯೂ ಒಂದೇ ಅಲ್ಲ.

ಮೈಮೇಲೆ ನಿಗಾ: ನಿಂತ ಗಾಡಿಯಲ್ಲಿ ಇಲಿ ಇರುತ್ತದೆ. ಇಲಿ ಇದ್ದಲ್ಲಿ ಹಾವು ಬರುತ್ತದೆ. ಬಾಗಿಲು ತೆರೆಯುವ ಮೊದಲು ಬಾಡಿಗೆ ನಾಲ್ಕು ಬಡಿತ ಬಡಿಯಿರಿ, ಸೀಟಿನ ಅಡಿಗೆ ಟಾರ್ಚ್ ಬಿಡಿ, ಆಮೇಲೆ ಕೈ ಹಾಕಿ. ಇಲಿ ಮೂತ್ರದಿಂದ ಇಲಿಜ್ವರ ಬರುತ್ತದೆ, ಗ್ಲೌಸ್ ಬಿಡಬೇಡಿ. ಗಾಡಿ ಕಾಡಿನ ಅಂಚಲ್ಲಿ ದರಗಿನ (ಒಣ ಎಲೆಯ) ಮೇಲೆ ನಿಂತಿದ್ದರೆ, ಅದರಲ್ಲೂ ಡಿಸೆಂಬರ್‌ನಿಂದ ಮೇ ಒಳಗೆ ಹೋದರೆ, ಉಣ್ಣೆ (ರಕ್ತ ಹೀರುವ ಹುಳ) ಹತ್ತದ ಹಾಗೆ ಎಣ್ಣೆ ಹಚ್ಚಿಕೊಂಡೇ ಅಡಿಗೆ ನುಸುಳಿ. ಉಣ್ಣೆಯಿಂದ ಹರಡುವ ಮಂಗನ ಕಾಯಿಲೆ ಇರುವ ಸೀಮೆ ನಮ್ಮದು. ಮನೆಗೆ ಬಂದು ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ತೊಳೆಯಲು ಹಾಕಿ.

## ಹಂತ 4: ಹಿಂಭಾಗ. ಇಲ್ಲೇ ತೀರ್ಮಾನ

ಇದಕ್ಕೆ ಒಂದು ಗಂಟೆ ಕೊಡಿ. ಉಳಿದ ಎಲ್ಲದಕ್ಕೂ ಸೇರಿ ಒಂದು ಗಂಟೆ ಸಾಕು.

ಗಾಜುಗಳು. ಹಿಂಬಾಗಿಲ ಗಾಜು, ಹಿಂದಿನ ಎರಡು ಪಕ್ಕದ ಉದ್ದ ಗಾಜು. ಮೂರೂ ಇವೆಯಾ, ಬಿರುಕಿದೆಯಾ? ಒಂದು ಇಲ್ಲದಿದ್ದರೆ ಸ್ಕೇಲನ್ನು ಆ ಚೌಕಟ್ಟಿನ ಅಂಚಿಗೆ ಒತ್ತಿ ಹಿಡಿಯಿರಿ. ಸ್ಕೇಲು ಪೂರ್ತಿ ತಾಗಿದರೆ ಗಾಜು ಚಪ್ಪಟೆ. ಚಪ್ಪಟೆ ಗಾಜನ್ನು ಲ್ಯಾಮಿನೇಟೆಡ್ ಹಾಳೆಯಲ್ಲಿ ಕತ್ತರಿಸಿ ಕೂರಿಸಬಹುದು. ಸ್ಕೇಲಿಗೂ ಚೌಕಟ್ಟಿಗೂ ನಡುವೆ ಸಂದು ಬಂದರೆ ಅದು ಬಾಗಿದ ಗಾಜು. ಅದಕ್ಕೆ ಅಚ್ಚು ಬೇಕು, ಒಂದೇ ಗಾಜಿಗೆ ಅಚ್ಚು ಮಾಡಿಸುವುದು ನಮ್ಮಂಥವರಿಗೆ ಆಗುವ ಮಾತಲ್ಲ. ಬೇರೆ ಗಾಡಿಯ ಟಫನ್ಡ್ ಗಾಜು ತಂದು ಕತ್ತರಿಸಿ ಕೂರಿಸುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಟಫನ್ಡ್ ಗಾಜಿಗೆ ಕಟರ್ ತಾಗಿದರೆ ಅದು ಪುಡಿಪುಡಿಯಾಗುತ್ತದೆ.

ಹಿಂಬಾಗಿಲು. ತೆರೆದು ಕೆಳ ಅಂಚನ್ನು ಬೆರಳಿಂದ ತಡವಿ. ಗಾಜಿನ ರಬ್ಬರ್ ಬೀಡಿಂಗ್ ಒಣಗಿ ಬಿರಿದು, ನೀರು ಬಾಗಿಲ ಒಳಗೆ ಇಳಿದು, ಕೆಳಗಿನ ತೂತು ಮಣ್ಣು ಕಟ್ಟಿ, ಅಂಚು ಒಳಗಿನಿಂದಲೇ ಕೊಳೆತಿರುತ್ತದೆ. ಹೊರಗಡೆ ಬಣ್ಣದಲ್ಲಿ ಸಣ್ಣ ಗುಳ್ಳೆ ಕಂಡರೆ ಒಳಗಡೆ ಅಂಗೈಯಷ್ಟು ಹೋಗಿದೆ ಎಂದು ತಿಳಿಯಿರಿ. ಕೀಲುಗಳ ಬುಡ ನೋಡಿ. ಬಾಗಿಲನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಕೀಲಿನ ಸುತ್ತ ಮಾಡಿನ ತಗಡೇ ಅಲ್ಲಾಡಿದರೆ ಅದು ದೊಡ್ಡ ಕೆಲಸ.

ಮಾಡಿನ ಅಂಚಿನ ದೋಣಿ. ಮಳೆನೀರು ಹರಿದು ಹೋಗಲು ಮಾಡಿನ ಅಂಚಲ್ಲಿ ಸಣ್ಣ ದೋಣಿ ಇರುತ್ತದೆ. ಅದರಲ್ಲಿ ಎಲೆ, ಹೂವು ಬಿದ್ದು ಕೊಳೆತಿರುತ್ತದೆ. ವ್ಯಾಗನ್‌ನಲ್ಲಿ ಈ ದೋಣಿ ಹಿಂದಿನವರೆಗೂ ಉದ್ದ. ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ನೋಡಿ. ಇಲ್ಲಿನ ತುಕ್ಕು ತೆಗೆದು ಬೆಸೆಯುವುದು ಬಹಳ ನಾಜೂಕಿನ ಕೆಲಸ.

ಸಾಮಾನು ಇಡುವ ತಳ. ಮ್ಯಾಟು, ಹಲಗೆ ಎಲ್ಲ ಎತ್ತಿಸಿ. ಬೇಡ ಎಂದರೂ ಎತ್ತಿಸಿ. ನಮ್ಮ ಕಡೆ ವ್ಯಾಗನ್ ಎಂದರೆ ಅಡಿಕೆ ಮೂಟೆ, ಗೊಬ್ಬರದ ಚೀಲ, ಮೈಲುತುತ್ತ ಹೊತ್ತ ಗಾಡಿ. ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಸರಿಯಾಗಿದೆಯಾ ಎಂದು ಕತ್ತಿ ಅದ್ದಿ ನೋಡುತ್ತೇವೆ ಅಲ್ವಾ? ಕತ್ತಿ ಕೆಂಪಾದರೆ ಸುಣ್ಣ ಸಾಲದು ಎಂದು ಲೆಕ್ಕ. ಆ ಕೆಂಪು ಎಂದರೆ ತಾಮ್ರ ಬಂದು ಕೂತು ಕಬ್ಬಿಣ ಕರಗಿ ಹೋದದ್ದು. ಡಿಕ್ಕಿಯಲ್ಲಿ ಮೈಲುತುತ್ತದ ಚೀಲ ಸೋರಿ, ಮೇಲೆ ನೀರು ಬಿದ್ದರೆ ಅಲ್ಲೂ ಇದೇ ಆಗುತ್ತದೆ, ವರ್ಷಾನುಗಟ್ಟಲೆ. ಮೂಲೆಗಳಲ್ಲಿ ನೀಲಿ-ಹಸಿರು ಕಲೆ ಕಂಡರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ಸತ್ತ ತಗಡು ಹಲಸಿನ ಹಣ್ಣು ಬಡಿದ ಹಾಗೆ ಮಂದವಾಗಿ ಕೇಳುತ್ತದೆ. ಸ್ಟೆಪ್ನಿ ಇಡುವ ಗುಂಡಿಯನ್ನೂ ಬಿಡಬೇಡಿ, ನೀರು ನಿಲ್ಲುವುದು ಅಲ್ಲೇ.

ಹಿಂದಿನ ಲೈಟು, ಬೀಡಿಂಗ್, ಲಾಕು, ಹಿಡಿಕೆ. ಚಿಕ್ಕವು ಎಂದು ಬಿಟ್ಟುಬಿಡುತ್ತಾರೆ. ಇವು ಇಲ್ಲದೆ ಗಾಡಿ ಪೂರ್ತಿ ಆಗುವುದಿಲ್ಲ, ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ. ಒಂದೊಂದನ್ನೂ ಹಾಳೆಯಲ್ಲಿ ಗುರುತು ಮಾಡಿ. ಮಾರುವವರ ಅಟ್ಟದಲ್ಲಿ, ಅಡಿಕೆ ಗೋದಾಮಿನಲ್ಲಿ ಬಿಚ್ಚಿಟ್ಟ ಸಾಮಾನು ಇದೆಯಾ ಎಂದು ಕೇಳಿ. ನನಗೆ ಒಮ್ಮೆ ಹೀಗೇ ಒಂದು ಗೋಣಿಚೀಲ ತುಂಬ ಸಾಮಾನು ಸಿಕ್ಕಿತು. ಆ ಚೀಲದ ಬೆಲೆ ಎಂಜಿನ್ನಿಗಿಂತ ಜಾಸ್ತಿ.

ಇಷ್ಟಾದ ಮೇಲೆ ಎರಡು ಕೊಡ ನೀರು ಕೇಳಿ. ಮಾಡಿನ ಮೇಲೆ, ಹಿಂದಿನ ಗಾಜಿನ ಮೇಲೆ ನಿಧಾನವಾಗಿ ಹೊಯ್ಯಿರಿ. ಒಬ್ಬರು ಒಳಗೆ ಕೂತು ಟಾರ್ಚ್ ಹಿಡಿದು ಎಲ್ಲಿ ಸೋರುತ್ತದೆ, ನೋಡಲಿ. ಏಪ್ರಿಲ್‌ನಲ್ಲಿ ಒಣಗಿ ಚೆಂದ ಕಾಣುವ ಗಾಡಿ ಈ ಎರಡು ಕೊಡದಲ್ಲಿ ನಿಜ ಹೇಳುತ್ತದೆ.

## ಹಂತ 5: ಅಡಿಭಾಗ ಮತ್ತು ತುಕ್ಕು

ಮೊದಲು ಸುರಕ್ಷತೆ. ಗಾಡಿ ಎತ್ತಿ ಜಂಬಿಟ್ಟಿಗೆ ಕಲ್ಲಿನ ಮೇಲೆ ನಿಲ್ಲಿಸುವುದು ನಮ್ಮ ಕಡೆ ರೂಢಿ. ದಯವಿಟ್ಟು ಬೇಡ. ಜಂಬಿಟ್ಟಿಗೆ ಭಾರಕ್ಕೆ ಏಕಾಏಕಿ ಒಡೆಯುತ್ತದೆ. ಜಾಕ್ ಸ್ಟ್ಯಾಂಡ್ ಬಳಸಿ, ಮಣ್ಣಾದರೆ ಅಡಿಗೆ ದಪ್ಪ ಹಲಗೆ ಕೊಡಿ, ಎದುರಿನ ಚಕ್ರಗಳಿಗೆ ಎಡೆ ಕಟ್ಟಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ.

ಪದ್ಮಿನಿ, ಅಂಬಾಸಿಡರ್‌ನಂಥ ಗಾಡಿಗೆ ಒಂದು ಸುಲಭ ಪರೀಕ್ಷೆ ಇದೆ. ಬಾಗಿಲುಗಳ ಸುತ್ತಲಿನ ಸಂದು ಎಷ್ಟಿದೆ ನೋಡಿಕೊಳ್ಳಿ. ಆಮೇಲೆ ಒಂದು ಬದಿ ಜಾಕ್ ಕೊಟ್ಟು ಎತ್ತಿ. ಸಂದು ಬದಲಾಯಿತಾ? ಬಾಗಿಲು ತೆರೆಯಲು ಬಿಗಿಯಾಯಿತಾ? ಆಗಿದ್ದರೆ ಬಾಗಿಲ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ತಗಡಿನ ತೊಲೆ ಹೋಗಿದೆ, ಗಾಡಿ ನಡುವೆ ಬಾಗುತ್ತಿದೆ. ಹೊರಗಿನಿಂದ ಹೊಸ ತಗಡು ಬೆಸೆದು ಬಣ್ಣ ಹೊಡೆದಿದ್ದರೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಆಯಸ್ಕಾಂತವನ್ನು ಬಾಗಿಲ ಕೆಳಭಾಗ, ಚಕ್ರದ ಸುತ್ತ, ಮಡ್‌ಗಾರ್ಡ್ ಅಂಚಲ್ಲಿ ಆಡಿಸಿ. ಹಿಡಿಯದೇ ಜಾರಿದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ.

ಅಡಿಯಿಂದ ನೋಡಬೇಕಾದ್ದು ಮುಖ್ಯವಾಗಿ ಹಿಂದಿನ ಸ್ಪ್ರಿಂಗುಗಳು ಬಾಡಿಗೆ ಅಥವಾ ಚಾಸಿಗೆ ಸೇರುವ ಜಾಗ. ಸ್ಕ್ರೂಡ್ರೈವರ್ ಒತ್ತಿ. ಚೂರು ಉದುರಿದರೆ ಪರವಾಗಿಲ್ಲ. ಒಳಗೆ ಹೋದರೆ ಗಂಭೀರ. ಆಮೇಲೆ ಗಾಡಿಯನ್ನು ಇಳಿಸಿ ಪಕ್ಕದಿಂದ ದೂರ ನಿಂತು ನೋಡಿ. ಹಿಂಭಾಗ ಕುಸಿದಿದೆಯಾ? ಅಡಿಕೆ ಮೂಟೆ ಹೊತ್ತು ಪ್ಲೇಟ್ ಸ್ಪ್ರಿಂಗ್ ಸತ್ತಿದ್ದರೆ ಹೊಸ ಪ್ಲೇಟ್ ಹಾಕಿಸಬಹುದು. ಒಂದೇ ಬದಿ ಕುಸಿದಿದ್ದರೆ ಸ್ಪ್ರಿಂಗಿನ ಬುಡದ ತಗಡೇ ಹರಿದಿರಬಹುದು, ಅಲ್ಲಿಗೆ ಮತ್ತೆ ಟಾರ್ಚ್ ಬಿಡಿ.

ಮೇಲ್ಮೈ ತುಕ್ಕಿಗೆ ಹೆದರಬೇಡಿ. ನಮ್ಮೂರಲ್ಲಿ ಅದಿಲ್ಲದ ಕಬ್ಬಿಣ ಯಾವುದಿದೆ? ಕೆರೆದಾಗ ಗಟ್ಟಿ ಲೋಹ ಸಿಕ್ಕರೆ ಗಾಡಿ ಬದುಕುತ್ತದೆ.

## ಹಂತ 6: ಎಂಜಿನ್, ಬ್ರೇಕ್

“ಎಂತದೂ ಆಗಿಲ್ಲ ಮಾರಾಯ್ರೇ, ಬ್ಯಾಟರಿ ಹಾಕಿದ್ರೆ ಸ್ಟಾರ್ಟ್ ಆಗ್ತದೆ” ಎನ್ನುತ್ತಾರೆ. ಇರಬಹುದು. ಆದರೂ ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಸುಮ್ನೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಬೇಡಿ. ಪಿಸ್ಟನ್ ರಿಂಗ್ ಅಂಟಿಕೊಂಡಿದ್ದರೆ ಅಲ್ಲೇ ಮುರಿಯುತ್ತದೆ.

ಮೊದಲು ಡಿಪ್‌ಸ್ಟಿಕ್ (ಎಣ್ಣೆ ಅಳೆಯುವ ಕಡ್ಡಿ) ಎಳೆಯಿರಿ. ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಪೆಟ್ರೋಲ್ ಗಾಡಿಯಾದರೆ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರ್‌ಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ. ತಿರುಗಿದರೆ ಸಾಕು. ತಿರುಗದಿದ್ದರೂ ಬಿಟ್ಟು ಹೋಗಬೇಕಿಲ್ಲ, ಬೆಲೆಯಲ್ಲಿ ಎಂಜಿನ್ ಕೆಲಸ ಪೂರ್ತಿ ಕಳೆಯಿರಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಗ್ಯಾರೇಜುಗಳಲ್ಲಿ ಈ ಹಳೇ ಎಂಜಿನ್ ಬಿಚ್ಚಿ ಕಟ್ಟಬಲ್ಲ ಮೇಸ್ತ್ರಿಗಳು ಇನ್ನೂ ಇದ್ದಾರೆ.

ಬ್ರೇಕ್ ಹಿಡಿದುಕೊಂಡಿದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಅಂಟಾಗಿದೆ, ವೈರಿಂಗ್ ಇಲಿ ತಿಂದಿದೆ ಎಂದೇ ಲೆಕ್ಕ ಹಾಕಿ. ನಿಂತ ಗಾಡಿಯಲ್ಲಿ ಇವು ಮೂರೂ ಸಾಮಾನ್ಯ, ಮೂರೂ ಸರಿ ಹೋಗುತ್ತವೆ. ಬ್ರೇಕ್ ಡ್ರಮ್ಮಿನ ಧೂಳನ್ನು ಮಾತ್ರ ಗಾಳಿ ಹೊಡೆದು ಹಾರಿಸಬೇಡಿ. ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಕೆರೆಯುವಾಗ ಮಾಸ್ಕ್ ಇರಲಿ.

ಓಡುವ ಗಾಡಿಯಾದರೆ: ಎಲ್ಲ ಕಿಟಕಿ ತೆರೆದೇ ಓಡಿಸಿ. ವ್ಯಾಗನ್‌ನ ಹಿಂಬಾಗಿಲ ರಬ್ಬರ್ ಹೋಗಿದ್ದರೆ ಸೈಲೆನ್ಸರ್ ಹೊಗೆ ಓಡುವಾಗ ಒಳಗೆ ಎಳೆದುಕೊಳ್ಳುತ್ತದೆ. ಅದರಲ್ಲಿನ ವಿಷಾನಿಲಕ್ಕೆ ವಾಸನೆ ಇಲ್ಲ. ತಲೆ ಭಾರ ಎನಿಸಿದರೆ ತಕ್ಷಣ ನಿಲ್ಲಿಸಿ ಇಳಿಯಿರಿ. ಬ್ರೇಕ್ ಪೂರ್ತಿ ಮಾಡಿಸುವವರೆಗೆ ಘಾಟಿ ರಸ್ತೆ ಬೇಡವೇ ಬೇಡ.

## ಹಂತ 7: ಶೆಡ್, ಟಿಂಕರ್, ಹಂಗಾಮು

ಗಾಡಿ ಸರಿ ಇದೆ ಎಂದಾದರೆ ಈಗ ನಿಮ್ಮ ಕಡೆ ನೋಡಿಕೊಳ್ಳಿ.

ಸಿಮೆಂಟ್ ನೆಲದ, ಮೇಲೆ ಮಾಡು ಇರುವ, ಗಾಳಿಯಾಡುವ ಜಾಗ ಬೇಕು. ಗಾಡಿಯ ಸುತ್ತ ಮೂರು ಅಡಿ ತಿರುಗಾಡಲು ಇರಬೇಕು. ಬಿಚ್ಚಿದ ಬಾಗಿಲು, ಸೀಟು, ಗಾಜು ಇಡಲು ಇನ್ನೂ ಅಷ್ಟೇ ಜಾಗ. ಸೀಟುಗಳು ನೆಲಕ್ಕೆ ತಾಗಬಾರದು, ಬೂಸ್ಟು ಹಿಡಿಯುತ್ತವೆ. ಅಡಿಕೆ ಒಣಗಿಸುವ ಶೆಡ್ಡನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಕೊಯ್ಲು ಬಂತು ಎಂದರೆ ಗಾಡಿ ಅಂಗಳಕ್ಕೆ ಬರುತ್ತದೆ. ಎಷ್ಟೋ ಗಾಡಿಗಳು ಹಾಳಾದದ್ದು ಹೀಗೇ.

ಟಿಂಕರ್ ಸಿಕ್ಕಿದ್ದಾರಾ ಎಂಬುದು ಗಾಡಿ ಸಿಕ್ಕಿದ್ದಕ್ಕಿಂತ ದೊಡ್ಡ ಪ್ರಶ್ನೆ. ಪುಟ್ಟಿ ತುಂಬಿ ಕೊಡುವವರು ಬೇಕಾದಷ್ಟು ಇದ್ದಾರೆ. ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡು ಬಡಿದು ಆಕಾರ ತಂದು ಬೆಸೆಯುವವರು ಕಡಿಮೆ. ಅವರು ಹಿಂದೆ ಮಾಡಿದ ಒಂದು ಗಾಡಿಯನ್ನು ಹೋಗಿ ನೋಡಿ, ಆಯಸ್ಕಾಂತ ಆಡಿಸಿ. ನಿಮ್ಮ ಗಾಡಿಯ ಫೋಟೋ ತೋರಿಸಿ, ಎಷ್ಟು ದಿನ ಬೇಕು ಎಂದು ಕೇಳಿ. ದುಡ್ಡಿನ ಮಾತು ಆಮೇಲೆ.

ಹಂಗಾಮು ಹೀಗೆ ಹೊಂದಿಸಿಕೊಳ್ಳಿ. ಗಾಡಿ ನೋಡಲು ಜುಲೈ, ಆಗಸ್ಟ್ ಒಳ್ಳೆಯದು, ಸೋರುವುದೆಲ್ಲ ಕಾಣುತ್ತದೆ. ಕೊಂಡು ತರಲು ದೀಪಾವಳಿ ಕಳೆದ ಮೇಲೆ. ತಗಡಿನ ಕೆಲಸ ಡಿಸೆಂಬರ್‌ನಿಂದ. ಬಣ್ಣ ಏಪ್ರಿಲ್ ಒಳಗೆ. ಮಳೆ ಹವೆಯಲ್ಲಿ ಬಣ್ಣ ಹೊಡೆದರೆ ಪಸೆ ಸಿಕ್ಕಿಕೊಂಡು ಬೆಳ್ಳಗೆ ಮಂಕಾಗುತ್ತದೆ. ಮಳೆಗಾಲದಲ್ಲಿ ಎಂಜಿನ್, ಸೀಟು, ವೈರಿಂಗ್. ಬರಿ ತಗಡು ಪ್ರೈಮರ್ ಇಲ್ಲದೆ ಜೂನ್ ನೋಡಬಾರದು. ಪ್ರೈಮರ್ ಹೊಡೆದು ಹಾಗೇ ಬಿಟ್ಟರೂ ಸಾಲದು, ಅದು ನೀರು ಹೀರುತ್ತದೆ. ಮೇಲೆ ಒಂದು ಕೋಟು ಬಣ್ಣ ಬೇಕೇ ಬೇಕು.

## ಹಂತ 8: ಲೆಕ್ಕ

ಮನೆಗೆ ಬನ್ನಿ. ಅಲ್ಲೇ ಬೆಲೆ ಮಾತಾಡಬೇಡಿ. ಹಾಳೆಯಲ್ಲಿ ಮೂರು ಸಾಲು ಮಾಡಿ.

ಮೊದಲ ಸಾಲಿಗೆ ಅಂಗಡಿಯಲ್ಲಿ ಸಿಗುವ ಸಾಮಾನು. ಎರಡನೆಯದಕ್ಕೆ ಇಲ್ಲೇ ಮಾಡಿಸಬಹುದಾದದ್ದು: ತಳದ ತಗಡು, ಪ್ಲೇಟ್ ಸ್ಪ್ರಿಂಗ್, ಸೀಟು, ಚಪ್ಪಟೆ ಗಾಜು. ಮೂರನೆಯದಕ್ಕೆ ಎಲ್ಲೂ ಸಿಗದ, ಮಾಡಿಸಲೂ ಆಗದ ಸಾಮಾನು. ಮೂರನೇ ಸಾಲಿನಲ್ಲಿ ಎರಡಕ್ಕಿಂತ ಜಾಸ್ತಿ ಇದ್ದರೆ ಬಿಟ್ಟುಬಿಡಿ. ಇದು ನಾನು ಕಷ್ಟಪಟ್ಟು ಕಲಿತು ಹಾಕಿಕೊಂಡ ಗೆರೆ. ಅಲ್ಲಿ ಒಂದೋ ಎರಡೋ ಇದ್ದರೆ ಅದನ್ನು ಮೊದಲು ಹುಡುಕಿ. ಸಿಕ್ಕ ಮೇಲೆ ಗಾಡಿ ಕೊಳ್ಳಿ. ಗಾಡಿ ಕೊಂಡು ಹುಡುಕುವುದಲ್ಲ.

ಟಿಂಕರ್ ಹೇಳಿದ ದಿನಕ್ಕೆ ಅರ್ಧ ಸೇರಿಸಿ. 30 ದಿನ ಎಂದರೆ 45. ಹಳೇ ತಗಡು ಕತ್ತರಿಸಿದಾಗಲೇ ಒಳಗಿನದು ಕಾಣುವುದು, ಅವರ ತಪ್ಪಲ್ಲ. ಅದನ್ನು ದಿನದ ಕೂಲಿಯಿಂದ ಗುಣಿಸಿ. ಬಣ್ಣ, ಎಂಜಿನ್, ಬ್ರೇಕ್, ಟೈರು, ವೈರಿಂಗ್, ಸೀಟು ಸೇರಿಸಿ. ಹಂತ 2ರಲ್ಲಿ ಬರೆದ ಆರ್‌ಟಿಒ ಖರ್ಚು ಸೇರಿಸಿ. ಗಾಡಿ ಸಾಗಿಸುವ ಬಾಡಿಗೆ ಸೇರಿಸಿ. ಕೊನೆಯಲ್ಲಿ ಗಾಡಿಯ ಬೆಲೆ.

ಈ ಮೊತ್ತ ಮತ್ತೆ ಮಾರಿದಾಗ ಬರುವುದಿಲ್ಲ. ಆ ಭರವಸೆಯಲ್ಲಿ ಕೊಳ್ಳಬೇಡಿ. ಅಡಿಕೆ ರೇಟು ಚೆನ್ನಾಗಿದೆ ಎಂಬ ವರ್ಷ ಶುರು ಮಾಡಿ ಮರುವರ್ಷ ಕೊಳೆರೋಗಕ್ಕೆ ಫಸಲು ಹೋಗಿ ನಿಲ್ಲಿಸಿದವರನ್ನು ನೋಡಿದ್ದೇನೆ. ಒಂದು ಬೆಳೆ ಕೈಕೊಟ್ಟರೂ ಕೆಲಸ ನಿಲ್ಲಬಾರದು, ಅಷ್ಟು ಮಾತ್ರ ಕೈ ಹಾಕಿ. ಮನೆಯಲ್ಲಿ ಹೆಂಡತಿ ಅಥವಾ ಗಂಡನಿಗೆ ಈ ಹಾಳೆಯನ್ನು ಪೂರ್ತಿ ತೋರಿಸಿ. ಅರ್ಧ ಮೊತ್ತ ಹೇಳಿ ಶುರು ಮಾಡಿದ ಗಾಡಿ ಮನೆಯಲ್ಲಿ ನೆಮ್ಮದಿ ಉಳಿಸುವುದಿಲ್ಲ.

## ಹಂತ 9: ಬೆಲೆ ಮಾತು ಮತ್ತು ಸಾಗಣೆ

ಬೆಲೆ ಮಾತಾಡುವಾಗ ಗಾಡಿಯನ್ನು ಹಳಿಯಬೇಡಿ. ಅದು ಅವರ ಅಪ್ಪನದೋ ಅಜ್ಜನದೋ ಗಾಡಿ. ಹಾಳೆ ತೋರಿಸಿ, ಇಷ್ಟು ಕೆಲಸ ಇದೆ, ನನ್ನಿಂದ ಇಷ್ಟು ಆಗುತ್ತದೆ ಎನ್ನಿ. ಗಾಡಿಯನ್ನು ಮತ್ತೆ ರಸ್ತೆಗೆ ತರುವವರಿಗೆ ಕೊಡಬೇಕು ಎಂದು ಕಾಯುತ್ತಿರುವ ಹಿರಿಯರು ಬೆಲೆಗಿಂತ ನಿಮ್ಮ ತಯಾರಿ ನೋಡುತ್ತಾರೆ.

ದುಡ್ಡು ಕೊಡುವ ದಿನ ಚಾಸಿ ನಂಬರಿನ ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಎಂಜಿನ್ ನಂಬರಿನದೂ ತೆಗೆಯಿರಿ. ಎರಡನ್ನೂ ಆರ್‌ಸಿ ಜೊತೆ ಒಂದೊಂದು ಅಕ್ಷರ ಹೋಲಿಸಿ. ನಂಬರ್ ತುಕ್ಕಿಗೆ ಅಳಿಸಿ ಹೋಗಿದ್ದರೆ ದುಡ್ಡು ಕೊಡಬೇಡಿ. ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಫಾರಂ 29, 30ಕ್ಕೆ ಅವತ್ತೇ ಸಹಿ ಆಗಲಿ.

ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತರಬೇಡಿ. ಬ್ರೇಕ್ ಇಲ್ಲದ ಗಾಡಿ, ನಮ್ಮ ತಿರುವುಗಳು, ಇಳಿಜಾರು. ಚಪ್ಪಟೆ ಲಾರಿ ಅಥವಾ ರಿಕವರಿ ವ್ಯಾನ್ ಮಾಡಿ. ಏರಿಸುವಾಗ ಹಗ್ಗವನ್ನು ಬಂಪರ್‌ಗೆ ಕಟ್ಟದೆ ಆಕ್ಸಲ್‌ಗೆ ಅಥವಾ ಚಾಸಿಗೆ ಕಟ್ಟಿಸಿ. ಹಿಂಬಾಗಿಲ ಬೀಗ ನಂಬಬೇಡಿ, ಹಗ್ಗದಿಂದ ಬಿಗಿಯಿರಿ. ನಾನು ಎರಡನೇ ವ್ಯಾಗನ್ ತರುವಾಗ ಹಿಂದಿನ ಪಕ್ಕದ ಗಾಜು ಎರಡನ್ನೂ ಅಲ್ಲೇ ಬಿಚ್ಚಿ, ಕಂಬಳಿಯಲ್ಲಿ ಸುತ್ತಿ, ಹೊಸನಗರದಿಂದ ಶಿವಮೊಗ್ಗದವರೆಗೆ ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡು ಬಂದೆ. ಗಾಜನ್ನು ಮಲಗಿಸಿ ಸಾಗಿಸಬಾರದು, ನಿಲ್ಲಿಸಿಯೇ ತರಬೇಕು.